ಕಡಮತ್ ದ್ವೀಪದಲ್ಲಿ ಏಳು ದಿನ

ವಿರಾಮಕಾಲ ಬಂದಿತೆಂದರೆ ಊರು ಬಿಟ್ಟು ಹೋಗಬೇಕೆಂಬುದು ಈಗ ಸರ್ವಸಮ್ಮತವಾದ ಮಾತಾಗಿದೆ. ಆದರೆ ನಮ್ಮ ಊರೇ ಇತರರ ವಿರಾಮಸ್ಥಳವಾಗಿದ್ದರೆ ನಾವು ಎಲ್ಲಿಗೆ ಹೋಗಬೇಕು? ಸರಗೂರಿನವರಾದ ನಮಗೆ ಈ ಪ್ರಶ್ನೆ ಬಂದೊದಗಿತು.

ಸರಗೂರು ಕಪಿಲಾ ನದಿಯ ದಡದ ಊರು. ನಮ್ಮಿಂದ ಮೇಲಕ್ಕೆ ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯಿದೆ. ಅದರ ಹಿನ್ನೀರಿನ ಅಂಚಿನುದ್ದಕ್ಕೂ ಕಾಡು. ಬೇಸಗೆಯಲ್ಲಿ ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಆನೆಗಳನ್ನು ನೋಡಲು ಜನರೂ ಹಿಂಡುಹಿಂಡಾಗಿ ಬರುತ್ತಾರೆ. ಬಂದವರು ಹುಲಿ ಕಂಡರೆ ಭಾಗ್ಯವೆನ್ನುತ್ತಾರೆ. ಅದೇ ಹುಲಿ ಹೊಲದ ಬದುವಿನಲ್ಲಿ ಕಂಡರೆ ನಮ್ಮ ರೈತನಿಗೆ ಪ್ರಾಣಭಯ. 2025ರ ಕೊನೆಯಲ್ಲಿ ನಮ್ಮ ಸೀಮೆಯ ರೈತರು ಹುಲಿಯ ದಾಳಿಗೆ ಬಲಿಯಾದ ಮೇಲೆ, ನವೆಂಬರಿನಲ್ಲಿ ಸರ್ಕಾರವು ನಾಗರಹೊಳೆ ಮತ್ತು ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಬೇಕಾಗಿ ಬಂದಿತು. ಪ್ರವಾಸಿಯು ಆತಿಥೇಯನ ಕಣ್ಣಿಗೆ ಹೇಗೆ ಕಾಣುತ್ತಾನೆಂಬುದನ್ನು ನಾವು ಮನೆಯ ಜಗುಲಿಯಲ್ಲಿ ಕುಳಿತೇ ಅರಿತವರು. ಆ ಬೇಸರದ ದಿನಗಳು ಕಳೆದ ಬಳಿಕ, ಗದ್ದಲವಿಲ್ಲದ ಒಂದು ದ್ವೀಪಕ್ಕೆ ಹೋಗಿ ಬರೋಣವೆಂದು ಮನೆಮಂದಿಯೆಲ್ಲ ಹೊರಟೆವು. ಈಗ ಅತಿಥಿಗಳಾಗುವ ಸರದಿ ನಮ್ಮದು.

ನಾವು ಆರಿಸಿಕೊಂಡುದು ಲಕ್ಷದ್ವೀಪದ ಕಡಮತ್. ತಿಥಿಯನ್ನು ತಿಳಿಸದೆ ಬರುವವನು ಅತಿಥಿಯೆಂದು ನಮ್ಮ ಹಿರಿಯರು ಹೇಳುತ್ತಿದ್ದರು; ಅಲ್ಲಿಗಾದರೋ ಅನುಮತಿಪತ್ರದಲ್ಲಿ ತಿಥಿಯನ್ನು ಬರೆಯಿಸಿಕೊಂಡೇ ಹೋಗಬೇಕು. ಕೊಚ್ಚಿಯಲ್ಲಿ ಹಡಗು ಹತ್ತಿದೆವು. ಹಡಗು ದ್ವೀಪದಿಂದ ತುಸು ದೂರದಲ್ಲಿಯೇ ನಿಂತಿತು. ಚಿಕ್ಕ ದೋಣಿಗೆ ಇಳಿದು ದಡ ಸೇರಿದೆವು.

ಈ ದ್ವೀಪಗಳು ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನದೀವಿಗಳೆಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ದ್ವೀಪವಾಸಿಗಳು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಇವು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಇಂಗ್ಲಿಷರ ಕೈಸೇರಿ, ಮಂಗಳೂರನ್ನು ಕೇಂದ್ರವಾಗುಳ್ಳ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಇದೇ ವ್ಯವಸ್ಥೆಯಿತ್ತು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ಅವನ್ನು ಸಾಗಿಸಿದ ಹಾಯಿಹಡಗನ್ನು ಅವರು ಓಡಂ ಎನ್ನುತ್ತಾರೆ. ನಮ್ಮ ಹಳೆಯ ಮಾತಿನ ಓಡವೂ ಅದೇ ಅಲ್ಲವೆ?

ದ್ವೀಪದ ಉದ್ದ ಆರು ಮೈಲಿಗಿಂತ ತುಸು ಕಡಮೆ. ಅಗಲ ಅತಿ ಹೆಚ್ಚೆಂದರೆ ಮೈಲಿಯ ಮೂರನೆಯ ಒಂದು ಪಾಲು. ಪಶ್ಚಿಮದಲ್ಲಿ ಹವಳದ ದಿಬ್ಬವು ಅಲೆಗಳನ್ನು ತಡೆಯುತ್ತದೆ. ಅದರ ಒಳಗೆ ತಿಳಿಹಸುರಾದ, ನಿಶ್ಚಲವಾದ ನೀರು. ನೋಡಲೇಬೇಕಾದ ಸ್ಥಳಗಳ ಪಟ್ಟಿಯೊಂದು ಅಲ್ಲಿ ಇರಲಿಲ್ಲ. ಮೊದಲನೆಯ ದಿನ ಇದರಿಂದ ನಮಗೆ ಕಳವಳವೇ ಆಯಿತು. ಎರಡನೆಯ ದಿನ ತೆಂಗಿನ ನೆರಳಿನಲ್ಲಿ ಚಾಪೆ ಹಾಸಿಕೊಂಡೆವು. ಮೂರನೆಯ ದಿನ ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟೆವು. ಬೆಳಗ್ಗೆ ಮೀನುಗಾರರ ದೋಣಿಗಳು ಹೋಗುವುದನ್ನೂ ಸಂಜೆ ತಿರುಗಿ ಬರುವುದನ್ನೂ ನೋಡುವುದೇ ನಮ್ಮ ಕಾರ್ಯಕ್ರಮವಾಯಿತು.

ನಮಗೆ ಪಾಠವಾದ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಸಮುದ್ರಸ್ನಾನವಾದ ಮೇಲೆ, ಕಪಿಲೆಯ ಮಕ್ಕಳಾದ ನಾವು ಮನೆಯ ಹಿಂದಣ ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಮೈಮೇಲೆ ಸುರಿದುಕೊಳ್ಳುತ್ತಿದ್ದೆವು. ಆ ಮನೆಯ ವೃದ್ಧೆ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಒಂದು ಲೋಟ ನೀರು ತಂದುಕೊಟ್ಟು, ಕುಡಿದು ನೋಡಿರೆಂದು ಸನ್ನೆ ಮಾಡಿದರು. ನೀರು ಉಪ್ಪುಪ್ಪಾಗಿತ್ತು. ಅವರು ಬೇರೇನೂ ಹೇಳಲಿಲ್ಲ.

ಕಾರಣವನ್ನು ಆಮೇಲೆ ತಿಳಿದುಕೊಂಡೆವು. ಆ ದ್ವೀಪದಲ್ಲಿ ನದಿಯಿಲ್ಲ, ತೊರೆಯಿಲ್ಲ. ಮಳೆಯ ನೀರು ಹವಳದ ಮರಳಿನೊಳಗೆ ಇಂಗಿ, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಬಾವಿಯೆಂದರೆ ಆ ಪದರಕ್ಕೆ ತೆರೆದ ಕಂಡಿ. ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪುನೀರು ಮೇಲಕ್ಕೇರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರವನ್ನು ಸ್ಥಾಪಿಸಬೇಕಾದುದು ಇಂಥ ಕೊರತೆಯಿಂದಲೇ. ನಮ್ಮ ಊರಿನಲ್ಲಿ ನೀರು ಹರಿದು ಬರುತ್ತದೆ. ಅಲ್ಲಿ ಅದು ಹಿಂದಿನ ಮಳೆಗಾಲದ ಉಳಿತಾಯ. ಆ ಉಳಿತಾಯವನ್ನು ಕೇಳದೆ ಖರ್ಚುಮಾಡಿದವರು ನಾವು.

ನೀರಿನಂತೆಯೇ ನೆಲವೂ ಅಲ್ಲಿ ನಾಜೂಕಾದುದು. ಸೂಕ್ಷ್ಮವಾದ ಹವಳದ ಜೀವಿಗಳು ಕಟ್ಟಿದ ದಿಬ್ಬವೇ ದ್ವೀಪದ ಕೋಟೆ. ಸಮುದ್ರ ಬಿಸಿಯೇರಿದಾಗ ಹವಳ ಬಿಳುಪೇರುತ್ತದೆ. ತಾಪ ಬಹಳ ಕಾಲ ಇಳಿಯದಿದ್ದರೆ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಹೀಗಾಯಿತು. ನಮ್ಮ ಮೈಸೂರಿನಲ್ಲಿಯೇ ನೆಲೆಸಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ದೀರ್ಘಕಾಲ ಅಳೆದು ನೋಡಿದ್ದಾರೆ: 1998ರಲ್ಲಿ ಶೇಕಡ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ವೇಳೆಗೆ ಶೇಕಡ 19ರ ಸುಮಾರಿಗೆ ಇಳಿದಿತ್ತು. ಕೋಟೆ ಸವೆದರೆ ಅಲೆ ಒಳನುಗ್ಗುತ್ತದೆ. ಮೊದಲು ಬಾವಿ ಕೆಡುತ್ತದೆ, ಆಮೇಲೆ ತೋಟ. ಹಡಗು ಹತ್ತಿ ಹೊರಟುಹೋಗುವ ನಮಗೆ ಅದು ಸುದ್ದಿ. ಆ ವೃದ್ಧೆಗೆ ಮನೆ.

ಉಳಿದ ದಿನಗಳಲ್ಲಿ ಮಿಂದ ಮೇಲೆ ಒಂದೇ ಬಿಂದಿಗೆ ನೀರಿನಲ್ಲಿ ಮೈ ತೊಳೆದುಕೊಂಡೆವು. ಹವಳದ ಮೇಲೆ ಕಾಲಿಡದೆ ನಡೆದೆವು. ಇದರಿಂದ ನಮ್ಮ ವಿರಾಮಕ್ಕೆ ಕೊರತೆಯೇನೂ ಆಗಲಿಲ್ಲ. ಮನೆಯವರ ಮುಖದಲ್ಲಿ ಸಲಿಗೆ ಕಂಡ ಮೇಲೆ ನಿದ್ರೆ ಇನ್ನೂ ಚೆನ್ನಾಗಿ ಬಂದಿತು. ಹೊರಡುವ ದಿನ ಆ ವೃದ್ಧೆ ತೆಂಗಿನಕಾಯಿಯನ್ನೂ ಬೆಲ್ಲವನ್ನೂ ಕೂಡಿಸಿ ಮಾಡಿದ ತಿಂಡಿಯನ್ನು ಮಕ್ಕಳ ಕೈಗಿತ್ತರು.

ಜನಸಂದಣಿಯಿಂದ ದೂರವಿರುವ ಸ್ಥಳವನ್ನು ಹುಡುಕಿಕೊಂಡು ಹೋಗುವವರು ಒಂದು ಮಾತನ್ನು ನೆನಪಿನಲ್ಲಿಡಬೇಕೆಂದು ನಮಗೆ ತೋರುತ್ತದೆ. ಸಂದಣಿ ನಮ್ಮಿಂದಲೇ ಆರಂಭವಾಗುತ್ತದೆ. ಹತ್ತು ಜನರು ನೂರು ಜನರ ನೀರನ್ನು ಬಳಸಿದರೆ ಅಲ್ಲಿ ನೂರು ಜನರ ಸಂದಣಿಯಾದಂತೆಯೇ ಸರಿ.

ಸರಗೂರಿಗೆ ಹಿಂದಿರುಗಿದ ಮರುದಿನ ಬೆಳಗ್ಗೆ ಪ್ರವಾಸಿಗಳ ಗುಂಪೊಂದು ನಮ್ಮ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಹಿನ್ನೀರಿನ ದಾರಿಯನ್ನು ಕೇಳಿತು. ದಾರಿ ತೋರಿಸಿದೆವು. ಕುಡಿಯಲು ಒಂದು ಲೋಟ ನೀರನ್ನೂ ಕೊಟ್ಟೆವು. ಅದು ಸಿಹಿಯಾಗಿಯೇ ಇತ್ತು.