ಊರಿಗೆ ಹೋದಾಗ ಒಂದು ದಿನ
(ಕುರ್ಲಾದಲ್ಲಿ ನಮ್ಮ ಸಂಘದ ಕುಟುಂಬ ಕೂಟದಲ್ಲಿ ಆಡಿದ ಮಾತು)



ನಮಗೆ ಭಾಷಣದ ಅಭ್ಯಾಸವಿಲ್ಲ. ಕಾರ್ಯದರ್ಶಿಗಳು ಹಿಡಿದ ಪಟ್ಟು ಬಿಡಲಿಲ್ಲವಾದ್ದರಿಂದ ಎದ್ದು ನಿಂತಿದ್ದೇವೆ. ನಾಡುನುಡಿಗಳ ಹಿರಿಮೆಯನ್ನು ಬಲ್ಲವರು ಈಗಾಗಲೇ ಹೇಳಿದ್ದಾರೆ. ನಾವು ಅದಕ್ಕೆ ಕೈಹಾಕುವುದಿಲ್ಲ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಎಲ್ಲಿಗೆ ಹೋಗಿ ಬರಬಹುದು ಎಂಬಷ್ಟನ್ನು ಅರಿಕೆ ಮಾಡಿ ಕುಳಿತುಕೊಳ್ಳುತ್ತೇವೆ. ನಮ್ಮದು ಕಾರ್ಕಳದ ಬಳಿಯ ಹಳ್ಳಿ. ಆ ಕಡೆಯವರು ಈ ಸಭೆಯಲ್ಲಿ ಹಲವರಿದ್ದೀರಿ. ಧಾರವಾಡ, ವಿಜಾಪುರಗಳ ಕಡೆಯ ಬಂಧುಗಳು ನಮ್ಮ ಕಾರ್ಕಳವಿದ್ದಲ್ಲಿ ತಂತಮ್ಮ ಊರನ್ನು ಇಟ್ಟುಕೊಂಡು ಕೇಳಬೇಕಾಗಿ ವಿನಂತಿ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಕಾಸರಗೋಡು ಕೇರಳದ ಪಾಲಾಯಿತು. ಆ ನಕಾಶೆಯನ್ನು ನಾವು ವರ್ಷಕ್ಕೊಮ್ಮೆ ಹೂಮಾಲೆ ಹಾಕಿ ಪೂಜಿಸುತ್ತೇವೆ. ಆದರೆ ನಕಾಶೆಯೊಳಗಿನ ನಮ್ಮ ಒಂದು ತಾಲೂಕನ್ನಾದರೂ ನಾವು ಸರಿಯಾಗಿ ನೋಡಿದ್ದೇವೆಯೇ? ನಾವಂತೂ ನೋಡಿರಲಿಲ್ಲ. ಮೇ ತಿಂಗಳು ಬಂತೆಂದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದು, ಮೂರು ಮದುವೆ, ಎರಡು ಗೃಹಪ್ರವೇಶ, ಒಂದು ನೇಮ ಮುಗಿಸುವುದು, ಹಲಸಿನ ಹಪ್ಪಳದ ಡಬ್ಬಿ ಹೊತ್ತು ಮರಳುವುದು, ಇಷ್ಟೇ. ಇಪ್ಪತ್ತು ವರ್ಷ ಹೀಗೆ ನಡೆಯಿತು. ಒಮ್ಮೆ ನಮ್ಮ ಚಿಕ್ಕ ಹುಡುಗನನ್ನು ನೆರೆಮನೆಯ ಮರಾಠಿ ಗೃಹಿಣಿ, ನಿಮ್ಮ ಊರು ಹೇಗಿದೆಯಪ್ಪಾ ಎಂದು ಕೇಳಿದರು. ಅವನು ಸ್ವಲ್ಪ ಯೋಚಿಸಿ, "ಅಲ್ಲಿ ಬಹಳ ಊಟ ಮಾಡಿಸುತ್ತಾರೆ" ಎಂದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ರಾತ್ರಿ ಮಾತ್ರ ನಮಗೆ ನಿದ್ರೆ ಬರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಒಂದು ಮದುವೆಯನ್ನು ತಪ್ಪಿಸಿದೆವು. ಅದರ ಆಕ್ಷೇಪಣೆ ಇಂದಿಗೂ ಮುಗಿದಿಲ್ಲ, ಅದು ಬೇರೆ ಮಾತು. ತಪ್ಪಿಸಿದ ದಿನ ನಸುಕಿನಲ್ಲೇ ಎದ್ದು ಗೊಮ್ಮಟಬೆಟ್ಟಕ್ಕೆ ಹೋದೆವು. ನಸುಕು ಎಂಬುದನ್ನು ಒತ್ತಿ ಹೇಳುತ್ತೇವೆ. ಏಕೆಂದರೆ ಅಲ್ಲಿ ಬರಿಗಾಲಿನಲ್ಲಿ ನಡೆಯಬೇಕು; ಹತ್ತು ಗಂಟೆಯ ಬಿಸಿಲಿಗೆ ಆ ಬಂಡೆ ದೋಸೆಯ ಕಾವಲಿಯಂತಾಗುತ್ತದೆ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ 42 ಅಡಿಯ ಏಕಶಿಲಾಮೂರ್ತಿ ಅದು. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. ಹಿಂದಿನದು 2015ರಲ್ಲಿ ನಡೆಯಿತು. ಮಹೋತ್ಸವದ ಜನಜಂಗುಳಿಯಲ್ಲಿ ನೋಡುವುದು ಒಂದು ಬಗೆ, ಯಾರೂ ಇಲ್ಲದ ಮುಂಜಾನೆ ನೋಡುವುದು ಇನ್ನೊಂದು ಬಗೆ. ಎದುರಿನ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿಂದ ಬಂದರೂ ಎದುರಿಗೆ ತೀರ್ಥಂಕರರು. ಅಲ್ಲಿ ಕಂಬ 108 ಎಂದು ಹೇಳಿದ್ದೇ ತಪ್ಪಾಯಿತು. ಮಕ್ಕಳು ಎಣಿಸತೊಡಗಿದರು, ಲೆಕ್ಕ ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ. ಅಷ್ಟು ಹೊತ್ತು ನಾವು ತಂಪಾದ ಕಲ್ಲಿನ ಮೇಲೆ ಸುಮ್ಮನೆ ಕುಳಿತಿದ್ದೆವು. ಕುರ್ಲಾದಲ್ಲಿ ಹಾಗೆ ಕುಳಿತುಕೊಳ್ಳಲು ಸ್ಥಳವೂ ಇಲ್ಲ, ಸಮಯವೂ ಇಲ್ಲ.

ಧರ್ಮಸ್ಥಳದ 39 ಅಡಿಯ ಬಾಹುಬಲಿಯೂ ಕಾರ್ಕಳದ ಕೆತ್ತನೆಯೇ ಎಂಬುದನ್ನು ಎಷ್ಟೋ ಮಂದಿ ಮರೆತಿದ್ದಾರೆ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದ ಹತ್ತಿರವೇ ಕಡೆದು ಮುಗಿಸಿದ ಆ ಮೂರ್ತಿಯನ್ನು 1973ರಲ್ಲಿ ರಸ್ತೆಯ ಮೇಲೆ ಸಾಗಿಸಿದರು, 1982ರಲ್ಲಿ ಪ್ರತಿಷ್ಠೆಯಾಯಿತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಆ ಮೆರವಣಿಗೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರು.

ಆ ಮೇಲಿನ ವರ್ಷ ನಮ್ಮ ತಾಯಿಯನ್ನೂ ಕರೆದುಕೊಂಡು ವರಂಗ, ಆಗುಂಬೆಗಳಿಗೆ ಹೊರಟೆವು. "ನನಗೇಕೆ, ದನವನ್ನು ಯಾರು ನೋಡುತ್ತಾರೆ?" ಎಂದು ಎರಡು ದಿನ ವಾದ ಮಾಡಿ, ಮೂರನೆಯ ದಿನ ಎಲ್ಲರಿಗಿಂತ ಮೊದಲು ಸೀರೆಯುಟ್ಟು ಜಗಲಿಯಲ್ಲಿ ಕುಳಿತಿದ್ದರು. ಕಾರ್ಕಳದಿಂದ ಹೆಬ್ರಿಯ ದಾರಿಯಲ್ಲಿ ವರಂಗ ಸಿಗುತ್ತದೆ. ಹಸುರು ಗದ್ದೆ, ತೆಂಗು, ಹಿಂದೆ ಘಟ್ಟದ ಸಾಲು, ನಡುವೆ ಒಂದು ಕೆರೆ, ಕೆರೆಯ ನಟ್ಟನಡುವೆ ಬಸದಿ. ದೋಣಿಯಲ್ಲಿ ಕುಳಿತೇ ಹೋಗಬೇಕು. ಮುಂಬಯಿಯ ಮಕ್ಕಳಿಗೆ ನೀರೆಂದರೆ ಮಳೆಗಾಲದಲ್ಲಿ ಉಕ್ಕುವ ಮೀಠೀ ನದಿ. ಇಲ್ಲಿ ತಾವರೆಯೆಲೆಗಳನ್ನು ಸರಿಸಿಕೊಂಡು ದೋಣಿ ಹೋಗುತ್ತಿದ್ದರೆ ಅವರು ಉಸಿರೆತ್ತಲಿಲ್ಲ. ನಮ್ಮ ತಾಯಿ ಬಿಗಿಯಾಗಿ ನಮ್ಮ ತೋಳು ಹಿಡಿದು ಕುಳಿತಿದ್ದರು. ಎಪ್ಪತ್ತು ದಾಟಿದ್ದ ಅವರಿಗೆ ಅದೇ ಮೊದಲನೆಯ ದೋಣಿ.

ಹೆಬ್ರಿ ದಾಟಿ ಸೋಮೇಶ್ವರದಿಂದ ಘಟ್ಟ ಏರುತ್ತದೆ. ಹದಿನಾಲ್ಕು ತಿರುವುಗಳು, ಇಕ್ಕಟ್ಟಾದ ರಸ್ತೆ. ದೊಡ್ಡ ಬಸ್ಸು ಹತ್ತುವುದಿಲ್ಲ, ಮಿನಿ ಬಸ್ಸುಗಳೇ. ನಾವು ಬಾಡಿಗೆಯ ವ್ಯಾನು ಮಾಡಿಕೊಂಡಿದ್ದೆವು, ಅದೇ ಒಳ್ಳೆಯದಾಯಿತು. ನಡುದಾರಿಯಲ್ಲಿ ತಾಯಿಗೆ ತಲೆ ಸುತ್ತಿ, ಇಳಿದು ಮೋಟುಗೋಡೆಯ ಮೇಲೆ ಅರ್ಧ ಗಂಟೆ ಕುಳಿತು, ನಿಂಬೆಹಣ್ಣು ಮೂಸಿ ಸುಧಾರಿಸಿಕೊಂಡರು. ಅಷ್ಟರಲ್ಲಿ ಮಕ್ಕಳು ಸಿಂಗಳೀಕ ಕಂಡೆವೆಂದು ಕೂಗಿಕೊಂಡರು. ಅದು ಮಂಗವೇ ಇರಬೇಕು.

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ದೂರದರ್ಶನದಲ್ಲಿ ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ನೋಡಿದವರಿಗೆ ಆ ಬೀದಿಯ ಗುರುತು ಹತ್ತೀತು. ನಾವು ಹೋದದ್ದು ಸೂರ್ಯಾಸ್ತ ನೋಡಲು. ಆಗಸ ತಿಳಿಯಾಗಿದ್ದರೆ ಆ ಕಟ್ಟೆಯ ಮೇಲಿಂದ ಅರಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ. ನಮಗೆ ಕಾಣಲಿಲ್ಲ. ಮೋಡ, ಮಂಜು. ನೂರಾರು ಜನ ಕೆಂಪು ಮೋಡವೊಂದನ್ನು ನೋಡುತ್ತ ನಿಂತಿದ್ದೆವು. ಆದಕಾರಣ ಸ್ವಾನುಭವದಿಂದ ಹೇಳುತ್ತೇವೆ: ಸೂರ್ಯಾಸ್ತ ಬೇಕಾದವರು ನವೆಂಬರದಿಂದ ಜನವರಿಯೊಳಗೆ ಹೋಗಿರಿ. ಮೇ ತಿಂಗಳ ಆಗಸವನ್ನು ನಂಬಬೇಡಿ.

"ಸೂರ್ಯ ಮುಳುಗುವುದನ್ನು ನೋಡಲು ಇಷ್ಟು ದೂರ ಬರಬೇಕೇ? ನಮ್ಮ ಅಂಗಳದಲ್ಲಿ ದಿನಾ ಮುಳುಗುತ್ತಾನೆ" ಎಂದರು ತಾಯಿ. ಅಷ್ಟರಲ್ಲಿ ಮಂಜು ಒಂದು ಗಳಿಗೆ ಹರಿದು ಕೆಳಗಿನ ಬಯಲು ಕಾಣಿಸಿತು. ಅವರು ಮಾತು ನಿಲ್ಲಿಸಿದರು. ಮದುವೆಯಾಗಿ ಬಂದ ದಿನದಿಂದ ಬೆಳಗಾದರೆ ಅಂಗಳದಿಂದ ಈ ಘಟ್ಟವನ್ನು ಒಂದು ನೀಲಿ ಗೆರೆಯಂತೆ ನೋಡಿದ್ದವರು, ಘಟ್ಟದ ಮೇಲೆ ನಿಂತು ಅಂಗಳದ ಕಡೆಗೆ ನೋಡಿದ್ದು ಅದೇ ಮೊದಲು. "ನಮ್ಮ ಮನೆ ಎಲ್ಲಿ ಬರುತ್ತದೆ?" ಎಂದು ಕೇಳಿದರು. ನಮಗೆ ತಿಳಿಯಲಿಲ್ಲ. ಸುಮ್ಮನೆ ಒಂದು ಕಡೆ ಕೈ ತೋರಿಸಿದೆವು. ಅವರು ಆ ಕಡೆಗೇ ಬಹಳ ಹೊತ್ತು ನೋಡಿದರು.

ಇನ್ನು ಕುದುರೆಮುಖ. ಬಜಗೋಳಿ, ಮಾಳದ ಮೇಲಿಂದ ದಾರಿ. ಅಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು; ಈಗ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲು, ಶೋಲಾ ಕಾಡು, ಹನುಮನಗುಂಡಿಯ ಜಲಪಾತ. ಮೆಟ್ಟಿಲು ಬಹಳ, ಇಳಿಯುವಾಗಲೇ ಹತ್ತುವುದನ್ನು ನೆನೆಯಬೇಕು. ಕಾಡಿನಲ್ಲಿ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿ ಹತ್ತಿರದಲ್ಲೇ ಇದೆ. ಮಧ್ಯಾಹ್ನದ ಊಟ ಮುಗಿಸಿ ಹೊರಟರೂ ಸಾಕು.

ದಾರಿಯ ತೊಂದರೆಯೆಂದು ಹೇಳುವ ಕಾಲ ಈಗ ಹೋಯಿತು. ಕೊಂಕಣ ರೈಲು ಪೂರ್ತಿಯಾದ 1998ರಿಂದ ಮತ್ಸ್ಯಗಂಧ ಓಡುತ್ತಿದೆ, ಅದೂ ನಮ್ಮ ಕುರ್ಲಾದಿಂದಲೇ. ಲೋಕಮಾನ್ಯ ತಿಲಕ ಟರ್ಮಿನಸ್ ಎಂದು ಹೆಸರು ಬದಲಾದರೂ ನಮಗೆ ಅದು ಕುರ್ಲಾ ಟರ್ಮಿನಸ್ಸೇ. ನೆಹರು ನಗರದವರು ಗಂಟು ಹೊತ್ತು ನಡೆದೇ ಹೋಗಬಹುದು. ಮಧ್ಯಾಹ್ನ ಹತ್ತಿದರೆ ಮರುದಿನ ಮುಂಜಾನೆ ಉಡುಪಿ.

ನಮ್ಮ ತಾಯಿ ಈಗಿಲ್ಲ. ಮನೆಗೆ ಬೀಗ ಹಾಕಿದೆ; ಬೀಗದ ಕೈ ಪಕ್ಕದ ಮನೆಯಲ್ಲಿದೆ. ದನವನ್ನು ಅವರೇ ಕಟ್ಟಿಕೊಂಡಿದ್ದಾರೆ. ಇನ್ನು ಮೇ ತಿಂಗಳಲ್ಲಿ ಯಾರ ಮನೆಗೆ ಹೋಗುವುದೆಂದು ನಾವೂ ಮನೆಯವರೂ ಯೋಚಿಸುತ್ತ ಕುಳಿತಿದ್ದೆವು. ಅಷ್ಟರಲ್ಲಿ ಮಕ್ಕಳು ತಾವಾಗಿಯೇ ಕ್ರಿಸ್ಮಸ್ ರಜೆಗೆ ಮತ್ಸ್ಯಗಂಧದ ಟಿಕೇಟು ತೆಗೆದಿದ್ದಾರೆ. ಮದುವೆ ಯಾವುದೂ ಇಲ್ಲ. ವರಂಗದ ದೋಣಿ ಆಗಬೇಕಂತೆ, ಈ ಸಲ ಸೂರ್ಯನನ್ನು ಬಿಡುವುದಿಲ್ಲವಂತೆ. ಅಜ್ಜಿ ಇಳಿದು ಕುಳಿತದ್ದು ಎಷ್ಟನೆಯ ತಿರುವಿನಲ್ಲಿ ಎಂದು ಚಿಕ್ಕವನು ಕೇಳಿದ. ಏಳನೆಯದೋ ಎಂಟನೆಯದೋ, ನಮಗೆ ಸರಿಯಾಗಿ ನೆನಪಿಲ್ಲ. ಆ ಮೋಟುಗೋಡೆಯನ್ನು ಕಂಡರೆ ಗುರುತು ಹಿಡಿಯುತ್ತೇವೆ ಎಂದು ಹೇಳಿದ್ದೇವೆ.