ಟೋನಿ ಡಿಬ್ರಮ್ ಹೂಡಿದ ದಾವೆ



ಸಣ್ಣವರ ಮಾತನ್ನು ಯಾರು ಕೇಳುತ್ತಾರೆ ಎಂದು ಕೈಚೆಲ್ಲುವವರು ಟೋನಿ ಡಿಬ್ರಮ್ ಅವರ ಬಾಳನ್ನು ತಿಳಿಯಬೇಕು. ಅವರು ಶಾಂತಸಾಗರದ ಮಾರ್ಷಲ್ ದ್ವೀಪಗಳವರು. 1954ರ ಮಾರ್ಚ್ 1ರಂದು ಅಮೆರಿಕ ಅಲ್ಲಿನ ಬಿಕಿನಿಯಲ್ಲಿ, ಹಿರೋಷಿಮಾ ಬಾಂಬಿನ ಸಾವಿರ ಪಟ್ಟು ಬಲದ ಬಾಂಬು ಸಿಡಿಸಿತು. ಅಜ್ಜನೊಡನೆ ಮೀನು ಹಿಡಿಯುತ್ತಿದ್ದ ಒಂಬತ್ತು ವರ್ಷದ ಡಿಬ್ರಮ್, ಆಕಾಶ ಕೆಂಪಾದುದನ್ನು ಕಣ್ಣಾರೆ ಕಂಡರು. ರೊಂಗೆಲಾಪಿನ ಜನರ ಮೇಲೆ ವಿಷಬೂದಿ ಸುರಿಯಿತು. 1946ರಿಂದ 1958ರೊಳಗೆ ಆ ದ್ವೀಪಗಳಲ್ಲಿ ನಡೆದ ಇಂಥ ಪರೀಕ್ಷೆಗಳು 67.

ಮುಂದೆ ಡಿಬ್ರಮ್ ಓದಿ, ಸ್ವರಾಜ್ಯಕ್ಕಾಗಿ ಅಮೆರಿಕದೊಡನೆ ಮಾತುಕತೆ ನಡೆಸಿ, ವಿದೇಶಾಂಗ ಮಂತ್ರಿಯಾದರು. 2014ರಲ್ಲಿ, ಅಣ್ವಸ್ತ್ರ ತ್ಯಜಿಸುವ ಮಾತುಕತೆಗೆ ಬರುತ್ತಿಲ್ಲವೆಂದು ಒಂಬತ್ತು ದೇಶಗಳ ಮೇಲೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿಸಿದರು. ಮರುವರ್ಷ ಪ್ಯಾರಿಸ್ಸಿನ ಹವಾಮಾನ ಸಮ್ಮೇಳನದಲ್ಲಿ ಬಡ ದೇಶ, ಸಿರಿವಂತ ದೇಶಗಳನ್ನು ಒಂದುಗೂಡಿಸಿ, ಭೂಮಿಯ ಕಾವು 1.5 ಡಿಗ್ರಿ ಮೀರದಂತೆ ಯತ್ನಿಸುವ ಗುರಿಯನ್ನು ಒಪ್ಪಂದದಲ್ಲಿ ಸೇರಿಸಲು ದುಡಿದರು. ಕಡಲು ಏರಿದರೆ ಅವರ ನಾಡೇ ಮುಳುಗುತ್ತದೆ.

ವಿಚಾರಣೆಗೆ ಬಂದದ್ದು ಬ್ರಿಟನ್, ಭಾರತ, ಪಾಕಿಸ್ತಾನಗಳ ಮೊಕದ್ದಮೆ ಮಾತ್ರ. 2016ರಲ್ಲಿ ಅವೂ ಬಿದ್ದುಹೋದವು. ಕಾರಣ? ಪಕ್ಷಗಳ ನಡುವೆ 'ವಿವಾದವೇ ಇಲ್ಲ'ವಂತೆ! ಗಿರಣಿಯ ಬಂಧುಗಳಿಗೆ ಈ ಉತ್ತರ ಹೊಸದಲ್ಲ. ಆದರೂ ಭಾರತದ ಮೊಕದ್ದಮೆಯಲ್ಲಿ 16 ನ್ಯಾಯಾಧೀಶರ ಪೈಕಿ 7 ಮಂದಿ ದ್ವೀಪದವರ ಕಡೆ ನಿಂತರು.

2017ರಲ್ಲಿ ಡಿಬ್ರಮ್ ತೀರಿಕೊಂಡರು. ಅವರ ಪ್ರಶ್ನೆ ನಮಗೂ ಸೇರಿದ್ದು. ಪರರ ಬಾಂಬನ್ನು ಖಂಡಿಸಿ ನಮ್ಮ ಬಾಂಬಿಗೆ ಜಯಕಾರ ಹಾಕುವುದು ನ್ಯಾಯವೇ? ನಮ್ಮ ಸಂಘಗಳ ಸಭೆಗಳಲ್ಲಿ ಇದು ಚರ್ಚೆಗೆ ಬರಲಿ.