ಜೊತೆಗೆ ಕೂರುವ ಪುರುಸೊತ್ತು



ಈ ವಾರ ತುರುವೇಕೆರೆ ಕಡೆಯ ಒಂದು ತೋಟದ ಮನೆಗೆ ಹೋಗಿದ್ದೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ತನ್ನ ಜೊತೆ ಒಂದು ಆಮೆಯನ್ನೂ ಕರೆತಂದಿದ್ದ. ನಮ್ಮ ಕೆರೆಯ ಆಮೆ ಅಲ್ಲ ಅದು. ಸುಲ್ಕಾಟ ಅಂತ ಹೆಸರು, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಒಣನೆಲದ್ದು. ಈಗ ಅಂಗೈಗಿಂತ ಒಂದಿಷ್ಟು ದೊಡ್ಡದಿದೆ. ಪೂರಾ ಬೆಳೆದರೆ 40-50 ಕೆಜಿ ತೂಗುತ್ತದೆ, ಹತ್ತಾರು ವರ್ಷ ಬದುಕುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ?

ಫ್ಲಾಟಿನಲ್ಲಿ ಅದು ಇದ್ದದ್ದು ನುಣುಪು ಟೈಲ್ಸಿನ ಮೇಲೆ, ಕಿಟಕಿಯ ಪಕ್ಕ. ಬಿಸಿಲು ಬರುತ್ತಲ್ಲ ಅಂತ ಮನೆಯವರ ಸಮಾಧಾನ. ಆದರೆ ಆಮೆಯ ಚಿಪ್ಪು ಗಟ್ಟಿಯಾಗಲು ಬೇಕಾದ ಅತಿನೇರಳೆ ಕಿರಣ ಕಿಟಕಿಯ ಗಾಜನ್ನು ದಾಟುವುದಿಲ್ಲ. ಅದಿಲ್ಲದೆ ಡಿ ಜೀವಸತ್ವವಿಲ್ಲ, ಅದಿಲ್ಲದೆ ತಿಂದ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ವೈದ್ಯರು ಹೇಳಿದ್ದರಂತೆ: ವಿಶೇಷ ದೀಪವನ್ನಾದರೂ ಹಾಕಿ, ಆದಾಗಲೆಲ್ಲ ಹೊರಗೂ ಬಿಡಿ ಅಂತ.

ಹೊರಗೆ ಬಿಡುವುದು ಅಂದರೆ ಬಾಗಿಲು ತೆಗೆದರಾಯಿತು ಅಂದುಕೊಂಡಿದ್ದ ಹುಡುಗ. ಅಜ್ಜ ಹಾಗೆ ಬಿಡಲಿಲ್ಲ. ತೆಂಗಿನ ಬುಡ ಬೇಡ ಅಂದರು. ಕಾಯಿ ಬಿದ್ದರೆ ಆ ಚಿಪ್ಪು ತಡೆಯುತ್ತದೆಯೇ? ಕಳೆನಾಶಕ ಹೊಡೆದ ಬದುವಿನ ಹುಲ್ಲು ಬೇಡ. ಬೇಲಿಯ ಲಂಟಾನ, ಕಾಂಗ್ರೆಸ್ ಗಿಡ ಹತ್ತಿರವೂ ಇರಬಾರದು. ಕೊನೆಗೆ ಹೊಂಗೆಯ ಮರದ ಪಕ್ಕ, ಅರ್ಧ ಬಿಸಿಲು ಅರ್ಧ ನೆರಳಿನ ಒಂದು ತುಂಡು ಗರಿಕೆ ನೆಲ ಆರಿಸಿದರು. ಇರುವೆ ಗೂಡಿದೆಯೇ ಅಂತ ಕೆದಕಿ ನೋಡಿದರು. ನಾಯಿಯನ್ನು ಕಟ್ಟಿಹಾಕಿಸಿದರು. ಅಗಲವಾದ ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ನೀರಿಟ್ಟರು.

ಹುಡುಗ ಸುತ್ತ ತಂತಿಯ ಜಾಲರಿ ನೆಟ್ಟಿದ್ದ. ಆಮೆಗೆ ಆಚೆ ಇರುವುದೆಲ್ಲ ಕಾಣುತ್ತಿತ್ತು, ಹಾಗಾಗಿ ತಲೆ ಹಾಕಿ ಅತ್ತಲೇ ನೂಕುತ್ತಿತ್ತು. ಮೂತಿ ತರಚಿಕೊಂಡರೂ ಬಿಡದು. ಅದನ್ನು ನೋಡಿ ಅಜ್ಜ ಸೋಗೆ ಹೆಣೆದ ತಡಿಕೆ ತಂದು, ಬುಡ ಒಂದು ಗೇಣು ಮಣ್ಣಿಗಿಳಿಸಿ ನಿಲ್ಲಿಸಿದರು. ಮಣ್ಣು ತೋಡುವುದು ಆ ಆಮೆಯ ಹುಟ್ಟುಗುಣ. ಆಚೆ ಕಾಣದಾದ ಮೇಲೆ ಅದು ತಿರುಗಿ ಗರಿಕೆಗೆ ಬಾಯಿ ಹಾಕಿತು. ಕತ್ತು ಒಂದು ಪಕ್ಕಕ್ಕೆ ಎಳೆದು, ಚರಕ್ ಅಂತ ಕಿತ್ತು, ಕಣ್ಣು ಅರೆ ಮುಚ್ಚಿ ಅಗಿಯಿತು. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯಲಿಲ್ಲ.

"ಇನ್ನು ತಿಂಡಿಗೆ ಹೋಗೋಣ್ವಾ ತಾತ?" ಅಂದ ಹುಡುಗ. "ತಂದೋನು ನೀನು, ನೀನು ಕೂತ್ಕೊ. ತಿಂಡಿ ಇಲ್ಲಿಗೇ ಬರುತ್ತೆ" ಅಂದರು ಅಜ್ಜ. ಕಾಗೆ ಇದೆ, ಮುಂಗುಸಿ ಇದೆ. ಅಂಗಾತ ಬಿದ್ದು ಎದ್ದುಕೊಳ್ಳಲಾಗದೆ ಬಿಸಿಲಿಗೆ ಸಿಕ್ಕರೆ ಅದಕ್ಕೆ ಕೂಗಲೂ ಬರುವುದಿಲ್ಲ. ತನ್ನ ಮೈಯನ್ನು ತಾನೇ ತಂಪು ಮಾಡಿಕೊಳ್ಳಲಾರದ ಜೀವ ಅದು.

ನೀನು ಕೂತ್ಕೊ ಅಂದ ಅಜ್ಜನ ಮಾತೇ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ನಮ್ಮದು ಕೊಬ್ಬರಿಯ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲಿ ಹೋದರೂ ಅಟ್ಟದ ತುಂಬ ಕಾಯಿ. ಬಿಸಿಲು ತೋರಿಸದೆ ವರ್ಷದ ಹತ್ತಿರ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿ ಆಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಲೊಟಲೊಟ ಅನ್ನುತ್ತದೆ. ಇಟ್ಟು ಮರೆತರೂ ಹಣವಾಗುವ ಸೊತ್ತು. ಜೀವವನ್ನು ಹಾಗೆ ಅಟ್ಟಕ್ಕೆ ಹಾಕಿ ಮರೆಯಲಾಗುವುದಿಲ್ಲ. ನಾವು ಮಾತ್ರ ಅದೇ ರೂಢಿಯಲ್ಲಿ ಸಾಕುಪ್ರಾಣಿಯನ್ನೂ ಮನೆಗೆ ತರುತ್ತೇವೆ: ಒಳಗಿದೆ, ಭದ್ರವಾಗಿದೆ, ಊಟ ಹಾಕುತ್ತಿದ್ದೇವೆ, ಇನ್ನೇನು ಬೇಕು ಅಂತ.

ಆಮೆಯನ್ನು ಪೂಜಿಸುವ ಜನ ನಾವು. ಹುಳಿಯಾರು ದಾಟಿ ಹೊಸದುರ್ಗ ತಾಲ್ಲೂಕಿಗೆ ಹೋದರೆ ಗವಿರಂಗಾಪುರದ ಗುಹೆಯಲ್ಲಿ ವಿಷ್ಣುವಿಗೆ ಕೂರ್ಮ ರೂಪದಲ್ಲೇ ಪೂಜೆ. ಗೀತೆಯ ಎರಡನೇ ಅಧ್ಯಾಯದಲ್ಲಿ ಆಮೆ ಸ್ಥಿತಪ್ರಜ್ಞನಿಗೆ ಉಪಮಾನ. ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯ ಹಾಗೆ ಇಂದ್ರಿಯಗಳನ್ನು ಹಿಂದಕ್ಕೆ ತೆಗೆದುಕೊಳ್ಳುವವನೇ ಜ್ಞಾನಿ ಅಂತ. ಉಪನ್ಯಾಸಗಳಲ್ಲಿ ಇದನ್ನು ಕೇಳುತ್ತಲೇ ಬೆಳೆದವನು ನಾನು. ಆದರೆ ಮೊನ್ನೆ ಆ ಹುಲ್ಲಿನ ಮೇಲೆ ನೋಡುವವರೆಗೂ ಒಂದು ಮಾತು ಹೊಳೆದಿರಲಿಲ್ಲ. ಕಾಗೆಯ ನೆರಳು ಬಿದ್ದಾಗ ಆಮೆ ತಟ್ಟನೆ ಒಳಗೆಳೆದುಕೊಂಡಿತು. ನೆರಳು ಸರಿದ ಮೇಲೆ ತಾನಾಗಿ ಕತ್ತು ಹೊರಗೆ ಹಾಕಿತು. ಎಳೆದುಕೊಂಡದ್ದೂ ಅದೇ, ಚಾಚಿದ್ದೂ ಅದೇ. ಚಾಚಲು ಜಾಗವಿದ್ದರಲ್ಲವೇ ಎಳೆದುಕೊಳ್ಳುವುದಕ್ಕೆ ಬೆಲೆ? ನಿಗ್ರಹ ನಮಗೆ ನಾವು ಹಾಕಿಕೊಳ್ಳುವಂಥದ್ದು. ಇನ್ನೊಂದು ಜೀವದ ಮೇಲೆ ಹೇರಿದರೆ ಅದಕ್ಕೆ ಸೆರೆ ಅನ್ನಬೇಕು.

ಮನುಷ್ಯರಿಗೂ ಇದೇ ಮಾತು. ಕಾಲ ಸರಿಯಿಲ್ಲ ಅಂತ ಹೆಣ್ಣುಮಕ್ಕಳನ್ನು ಒಳಗೇ ಇರಿಸುವ ಮನೆಗಳಿವೆ. ಬಿದ್ದಾರು ಅಂತ ವಯಸ್ಸಾದವರನ್ನು ಜಗಲಿಗೂ ಬಿಡದ ಮನೆಗಳಿವೆ. ಕಾಳಜಿ ಸುಳ್ಳಲ್ಲ. ಜೊತೆಗೆ ಹೋಗಲು ನಮಗೆ ಪುರುಸೊತ್ತಿಲ್ಲದ್ದಕ್ಕೆ ಅವರು ಒಳಗಿದ್ದಾರೆ ಅನ್ನುವುದೂ ಸುಳ್ಳಲ್ಲ.

ಇನ್ನು ಅದೃಷ್ಟಕ್ಕೆ ಅಂತ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಅದು ನಮ್ಮದೇ ಕುರುಚಲು ಕಾಡಿನ, ಹುಲ್ಲುಗಾವಲಿನ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಇಲ್ಲಿಂದ ಕದ್ದು ಹೊರದೇಶಕ್ಕೆ ಸಾಗಿಸುವವರು ಎಷ್ಟೋ ಮಂದಿ. ಹಾಗೆ ಸಿಂಗಾಪುರ ಸೇರಿ ಅಲ್ಲಿ ರಕ್ಷಣೆಯಾದ 51 ನಕ್ಷತ್ರ ಆಮೆಗಳು 2018ರಲ್ಲಿ ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿದವು. ಬಂದ ಕೂಡಲೇ ಕಾಡಿಗೆ ಬಿಟ್ಟು ಕೈತೊಳೆದುಕೊಳ್ಳಲಿಲ್ಲ. ಮೊದಲು ಪ್ರತ್ಯೇಕವಾಗಿಟ್ಟು ಆರೋಗ್ಯ ನೋಡಿಕೊಂಡರು. ನಿಮ್ಮಲ್ಲೂ ಅಂಥದ್ದೊಂದು ಇದ್ದರೆ ತೋಟದಲ್ಲೋ ಕೆರೆ ಏರಿಯಲ್ಲೋ ಬಿಟ್ಟು ಬರಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಸುಲ್ಕಾಟದಂಥ ವಿದೇಶಿ ಪ್ರಾಣಿಗೂ ಈಗ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಅದನ್ನಂತೂ ನಮ್ಮ ಕಾಡಿಗೆ ಬಿಡಲೇಬಾರದು.

ರಜೆ ಬಂದಿದೆ, ಮಕ್ಕಳು ಹಟ ಮಾಡುತ್ತಾರೆ. ಆಮೆಯೋ ಮೊಲವೋ ಗಿಣಿಯೋ ಬೇಕು ಅನ್ನುತ್ತಾರೆ. ಬೆಲೆ ಕೇಳುವ ಮೊದಲು ಮನೆಯವರೆಲ್ಲ ಕೂತು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ದಿನಾ ಬೆಳಗ್ಗೆ ಇದರ ಜೊತೆ ಹೊರಗೆ ಒಂದು ಗಂಟೆ ಕೂರುವವರು ಯಾರು? ಒಬ್ಬರಾದರೂ ನಾನು ಅಂದರೆ ಸರಿ. ಯಾರೂ ಮಾತಾಡದಿದ್ದರೆ ತರಬೇಡಿ. ಮಗು ಒಂದು ದಿನ ಅಳಲಿ, ಪರವಾಗಿಲ್ಲ.